ಮೂರು ಹೊಲ, ಒಂದೂವರೆ ಎಕರೆ ದ್ರಾಕ್ಷಿ: ಪುಣೆ ಜಿಲ್ಲೆಯ ಒಂದು ಪ್ರಕರಣ

ಅಣ್ಣ ಚಿಂಚವಾಡದ ಕಾರ್ಖಾನೆಯೊಂದರಲ್ಲಿ ನಿವೃತ್ತಿಯ ಅಂಚಿನಲ್ಲಿದ್ದವರು. ತಮ್ಮನಿಗೆ ಪುಣೆಯಲ್ಲೇ ಸ್ವಂತ ಗ್ಯಾರೇಜು. ಮೂಲ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಅಲ್ಲಿ ಅವರ ಕಾಕಾ ಈಗಲೂ ದ್ರಾಕ್ಷಿ ಬೆಳೆದು ಮಣೂಕ (ಒಣದ್ರಾಕ್ಷಿ) ಮಾಡುತ್ತಾರೆ. ಸಹೋದರರಿಗೆ ಪುಣೆಯಿಂದ ಹೋಗಿ ಬರುವಷ್ಟು ದೂರದಲ್ಲಿ ಎರಡು ಎಕರೆ ಕೊಂಡು, ಒಂದೂವರೆ ಎಕರೆಯಲ್ಲಿ ದ್ರಾಕ್ಷಿ ಹಚ್ಚಬೇಕೆಂಬ ಆಸೆ. ಮಹಾರಾಷ್ಟ್ರದಲ್ಲಿ ಸಾಗುವಳಿ ಜಮೀನು ಕೊಳ್ಳಲು ಕೊಳ್ಳುವವರು ರೈತರಾಗಿರಬೇಕು. ಊರಿನ ಪಾಲಿನ ಹೊಲದ ಪಹಣಿ ಅವರ ಕೈಯಲ್ಲಿತ್ತು. ಮೂರು ಜಾಗ ನೋಡಿದ್ದರು: ಮುಳಶಿ ಕಡೆ ಗುಡ್ಡದ ಇಳಿಜಾರು, ಇಂದಾಪುರ ಕಡೆ ಕೆನಾಲ್ ನೀರಿನ ಎರೆ ಹೊಲ, ಜುನ್ನರ ತಾಲ್ಲೂಕಿನ ನಾರಾಯಣಗಾಂವಿನ ಪೂರ್ವಕ್ಕೆ ಸಣ್ಣ ಕಲ್ಲು ಬೆರೆತ ಗರಸು ಮಣ್ಣಿನ ಹೊಲ. ಅವರ ಮನಸ್ಸು ಒಲಿದ ಕ್ರಮವೂ ಇದೇ. ಕೊನೆಗೆ ಕೊಂಡದ್ದು ಮೂರನೆಯದನ್ನು. ಅವರಿಗೆ ಸಲಹೆ ಕೊಡುತ್ತಿದ್ದವರು ನಾವು.

ದ್ರಾಕ್ಷಿಗೆ ಜಾಗ ಹುಡುಕುವವರೆಲ್ಲ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುತ್ತಾರೆ. ಬಂದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಈ ಪ್ರಕರಣದ ಆಯ್ಕೆ, ನಡುವೆ ಆದ ನಷ್ಟ, ಅದರ ದುರಸ್ತಿ ಮೂರೂ ಆ ಎರಡನೆಯ ಪ್ರಶ್ನೆಯ ಸುತ್ತಲೇ ಇವೆ.

ಹವೆಯ ಲೆಕ್ಕ

ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ. ನಮ್ಮ ಕಡೆಯ ಬಳ್ಳಿಗೆ ಅಂಥ ನಿದ್ದೆ ಇಲ್ಲ. ಆದ್ದರಿಂದ ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ವರ್ಷಕ್ಕೆ ಎರಡು ಚಾಟ್ನಿ (ಬಳ್ಳಿ ಕತ್ತರಿಸುವುದು), ಒಂದೇ ಬೆಳೆ. ಏಪ್ರಿಲ್ ಚಾಟ್ನಿ ಕಾಡಿ (ಗೊನೆ ಬಿಡುವ ರೆಂಬೆ) ತಯಾರಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಜಾಗವನ್ನು ಅಳೆಯಬೇಕಾದದ್ದು ಈ ಪಂಚಾಂಗಕ್ಕೆ ಹಿಡಿದು. ಏಪ್ರಿಲ್ ಚಾಟ್ನಿಯಾದ 40ರಿಂದ 70 ದಿನದೊಳಗೆ ಕಾಡಿಯ ಕಣ್ಣಿನಲ್ಲಿ, ಅಂದರೆ ಮುಂದೆ ಚಿಗುರೊಡೆಯುವ ಮೊಗ್ಗಿನಲ್ಲಿ, ಮುಂದಿನ ಗೊನೆಯ ಗರ್ಭ ಕಟ್ಟುತ್ತದೆ. ಆಗ ಬಿಸಿಲು ಬೇಕು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಕಾಡಿ ಕಂದು ಬಣ್ಣಕ್ಕೆ ತಿರುಗಿ ಮಾಗಬೇಕು. ಆಗ ಮಳೆ ಹದವಾಗಿರಬೇಕು. ಅಕ್ಟೋಬರ್ ಚಾಟ್ನಿಯ ನಂತರ ಹೂವು ಬಿಡುವವರೆಗೆ ಎಲೆಯ ಮೇಲೆ ತೇವ ನಿಲ್ಲಬಾರದು, ಇಲ್ಲವಾದರೆ ಡೌನಿ ಬೂಜು ರೋಗ ಒಂದೇ ವಾರದಲ್ಲಿ ಗೊನೆಯನ್ನು ತಿನ್ನುತ್ತದೆ.

ಪುಣೆ ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿಮೀ ಮಳೆ. ಪಶ್ಚಿಮಕ್ಕೆ ಸಹ್ಯಾದ್ರಿಯತ್ತ ಹೋದಂತೆ ಅದು ಏರುತ್ತ ಹೋಗಿ ಲೋಣಾವಳದಲ್ಲಿ 4,000 ಮಿಮೀ ದಾಟುತ್ತದೆ. ಪೂರ್ವಕ್ಕೆ ಬಾರಾಮತಿ, ಇಂದಾಪುರದ ಕಡೆ 500ರ ಆಸುಪಾಸಿಗೆ ಇಳಿಯುತ್ತದೆ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರ. ಮುಳಶಿಯ ಜಾಗ ಇಲ್ಲಿಗೇ ಬಿದ್ದುಹೋಯಿತು. ಇಳಿಜಾರು ಚೆನ್ನಾಗಿತ್ತು, ನೀರು ಬಸಿಯುತ್ತಿತ್ತು, ಕೆರೆಯ ನೋಟವೂ ಇತ್ತು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆ ಒಣಗುವ ದಿನಗಳೇ ಬೆರಳೆಣಿಕೆಯಷ್ಟು. ಅಲ್ಲಿ ಕಾಡಿ ಮಾಗುವುದಿಲ್ಲ, ಮಾಗಿದ್ದಕ್ಕೆ ಕರಪಾ ರೋಗದ ಚುಕ್ಕೆ. ಮೇಲಾಗಿ ಪಶ್ಚಿಮದ ಗುಡ್ಡದ ನೆರಳು ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಹೊಲದ ಮೇಲೆ ಬೀಳುತ್ತಿತ್ತು. ವಾರಾಂತ್ಯದ ಮನೆಗೆ ಒಳ್ಳೆಯ ಜಾಗ, ದ್ರಾಕ್ಷಿಗೆ ಅಲ್ಲ. ಇದೇ ಕಾರಣಕ್ಕೆ ಕೊಂಕಣ ಮತ್ತು ಗೋವಾದಲ್ಲಿ ಜಮೀನು ಇರುವವರಿಗೂ ವಾಣಿಜ್ಯ ದ್ರಾಕ್ಷಿಯ ವಿಚಾರ ಬಿಡಿ ಎಂದೇ ಹೇಳುತ್ತೇವೆ.

ಎರೆ ಹೊಲದ ತೆಗ್ಗು

ಇಂದಾಪುರದ ಹೊಲ ಬಿಡಿಸುವುದು ಅಷ್ಟು ಸುಲಭವಿರಲಿಲ್ಲ. ನೀರಾ ಎಡದಂಡೆ ಕಾಲುವೆಯ ನೀರು, ನಾಲ್ಕು ಅಡಿಗೂ ಆಳದ ಕರಿ ಎರೆ, ಸಪಾಟು ನೆಲ, ಡಾಂಬರು ರಸ್ತೆ. ಹಿಂದೆ ವರ್ಷಾನುಗಟ್ಟಲೆ ಕಬ್ಬು ಬೆಳೆದ ಹೊಲ. ತಿಕೋಟಾದಿಂದ ಕಾಕಾ ಬಂದಾಗ ತಮ್ಮ ಅದನ್ನೇ ಹೊಗಳಿದ.

“ಕಾಕಾ, ಎರಿ ಮಣ್ಣ ಐತಿ, ಕೆನಾಲ್ ನೀರ ಐತಿ. ಇದಕ್ಕಿಂತ ಛಲೋ ಹೊಲ ಎಲ್ಲಿ ಸಿಗತೈತ್ರಿ?”

“ಕಬ್ಬಿಗೆ ಛಲೋ ಐತೋ ತಮ್ಮಾ. ದ್ರಾಕ್ಷಿ ಹಚ್ಚೂದಾದ್ರ ತೆಗ್ಗ ತಗದ ನೋಡೂಣು.”

ಮಾಲೀಕರ ಒಪ್ಪಿಗೆ ಪಡೆದು ಜೆಸಿಬಿಯಿಂದ ಎರಡು ಕಡೆ ನಾಲ್ಕು ಅಡಿ ಆಳದ ತೆಗ್ಗು ತೆಗೆಯಲಾಯಿತು. ಜಮೀನಿನ ಬೆಲೆಯ ಮುಂದೆ ಜೆಸಿಬಿಯ ಒಂದೆರಡು ತಾಸಿನ ಬಾಡಿಗೆ ಏನೂ ಅಲ್ಲ. ಈ ಒಂದು ಖರ್ಚನ್ನು ಯಾರೂ ಉಳಿಸಬಾರದು. ತೆಗ್ಗಿನ ಗೋಡೆಯನ್ನು ಸಲಿಕೆಯಿಂದ ಹೆರೆದು ಮೇಲಿನಿಂದ ಕೆಳಕ್ಕೆ ನೋಡಬೇಕು. ಇಲ್ಲಿ ಮೊದಲ ಒಂದೂವರೆ ಅಡಿ ಜಿಗುಟಾದ ಕರಿ ಮಣ್ಣು. ಅದರ ಕೆಳಗೆ ಹೆಂಟೆ ಒಡೆದರೆ ಒಡೆದ ಮುಖ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು: ಹಸಿಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ ಮಣ್ಣಿನ ಪದರಗಳು ಒಂದರ ಮೇಲೊಂದು ಜಾರಿದ ಗುರುತು. ಮೂರು ಅಡಿಯಲ್ಲಿ ಬೂದು ಬಣ್ಣದ ನಡುವೆ ತುಕ್ಕಿನ ಚುಕ್ಕೆಗಳು, ಅಂದರೆ ವರ್ಷದಲ್ಲಿ ಹಲವು ವಾರ ಅಲ್ಲಿ ನೀರು ನಿಂತು ಗಾಳಿ ಆಡುವುದಿಲ್ಲ. ಜೊತೆಗೆ ಜೋಳದ ಕಾಳಿನಷ್ಟು ಬಿಳಿ ಸುಣ್ಣದ ಹರಳು. ತೆಳು ಹೈಡ್ರೋಕ್ಲೋರಿಕ್ ಆಮ್ಲ ಎರಡು ಹನಿ ಹಾಕಿದರೆ ಭರ್ರೆಂದು ನೊರೆ.

ನಂತರ ಬಸಿಯುವ ಪರೀಕ್ಷೆ. ತೆಗ್ಗಿನ ತಳದಲ್ಲಿ ಮೊದಲ ದಿನ ನೀರು ಬಿಟ್ಟು ಮಣ್ಣನ್ನು ಚೆನ್ನಾಗಿ ನೆನೆಸಬೇಕು. ಒಣ ಮಣ್ಣು ಬಿರುಕುಗಳಲ್ಲಿ ನೀರು ಕುಡಿದು ಮೋಸ ಮಾಡುತ್ತದೆ. ಮರುದಿನ ಒಂದು ಅಡಿ ನೀರು ನಿಲ್ಲಿಸಿ, ಕಡ್ಡಿ ಊರಿ ಗುರುತು ಮಾಡಿ ನೋಡಬೇಕು. ಇಂದಾಪುರದ ತೆಗ್ಗಿನಲ್ಲಿ 24 ತಾಸಿನ ಮೇಲೆ ಇಳಿದದ್ದು ಮೂರು ಇಂಚು. ನಾರಾಯಣಗಾಂವಿನ ತೆಗ್ಗಿನಲ್ಲಿ ಅದೇ ಒಂದು ಅಡಿ ನೀರು ಐದು ತಾಸಿನಲ್ಲಿ ಖಾಲಿ.

ಪ್ರಯೋಗಾಲಯದ ವರದಿ ಕಣ್ಣಿಗೆ ಕಂಡದ್ದನ್ನೇ ಅಂಕಿಯಲ್ಲಿ ಹೇಳಿತು. ಇಂದಾಪುರದ ಮಣ್ಣಿನ ಪಿಎಚ್ 8.6, ಇಸಿ (ಉಪ್ಪಿನ ಅಂಶ ತೋರುವ ವಿದ್ಯುತ್ ವಾಹಕತೆ) ಮೀಟರಿಗೆ 1.9 ಡೆಸಿಸೀಮೆನ್ಸ್, ಬಿಡಿ ಸುಣ್ಣ ಶೇ 14. ಬಾವಿ ನೀರಿನ ಇಸಿ 2.1, ಕ್ಲೋರೈಡ್ ಲೀಟರಿಗೆ 9 ಮಿಲಿ ಇಕ್ವಿವಲೆಂಟ್. ದ್ರಾಕ್ಷಿಗೆ ಪಿಎಚ್ 6.5ರಿಂದ 8ರೊಳಗೆ, ಮಣ್ಣು ಮತ್ತು ನೀರು ಎರಡರ ಇಸಿಯೂ 1ರೊಳಗೆ, ಸುಣ್ಣ ಶೇ 10ರೊಳಗೆ, ನೀರಿನ ಕ್ಲೋರೈಡ್ 4ರೊಳಗೆ ಇದ್ದರೆ ನಿಶ್ಚಿಂತೆ. ಸುಣ್ಣ ಹೆಚ್ಚಾದರೆ ಕಬ್ಬಿಣ ಬೇರಿಗೆ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ಕ್ಲೋರೈಡ್ ಹೆಚ್ಚಾದರೆ ಎಲೆಯ ಅಂಚು ಸುಡುತ್ತದೆ. ಉಪ್ಪು ತಡೆಯುವ ಡಾಗ್‌ರಿಜ್ ಬೇರುಗಿಡ (ಮೇಲೆ ಬೇಕಾದ ತಳಿಯ ಕಸಿ ಕಟ್ಟುವ ಬುಡದ ಗಿಡ) ಹಾಕಿ, ಜಿಪ್ಸಂ ಕೊಟ್ಟು ಇಂಥ ಹೊಲದಲ್ಲೂ ತೋಟ ನಡೆಸುವವರಿದ್ದಾರೆ, ಅದು ನಿಜ. ಆದರೆ ಜಿಪ್ಸಂ ಬಿಡಿಸಿದ ಸೋಡಿಯಂ ನೀರಿನೊಂದಿಗೆ ಕೆಳಗಿಳಿದು ಹೊರಗೆ ಹೋದರೆ ಮಾತ್ರ ಉಪಯೋಗ. ಬಸಿಯದ ನೆಲದಲ್ಲಿ ಅದು ಹೋಗುವುದಾದರೂ ಎಲ್ಲಿಗೆ?

ಇಂದಾಪುರವನ್ನು ಬಿಡಲು ಇನ್ನೊಂದು ಕಾರಣ ಪಕ್ಕದ ಹೊಲಗಳಲ್ಲಿತ್ತು: ಮೂರೂ ಕಡೆ ಕಬ್ಬು. ಕಬ್ಬಿನಲ್ಲಿ ಅಗಲ ಎಲೆಯ ಕಳೆಗೆ 2,4-ಡಿ ಹೊಡೆಯುತ್ತಾರೆ. ಅದರ ಹಬೆ ಗಾಳಿಯಲ್ಲಿ ತೇಲಿಬಂದು ದ್ರಾಕ್ಷಿಗೆ ತಾಗಿದರೆ ಎಳೆ ಎಲೆ ಬೀಸಣಿಗೆಯಂತೆ ಮುದುಡುತ್ತದೆ, ಹೂ ಉದುರುತ್ತದೆ. ನೆರೆಯವರ ತಪ್ಪೇನೂ ಇಲ್ಲ, ಅವರ ಬೆಳೆಗೆ ಅದು ಬೇಕು. ದ್ರಾಕ್ಷಿಗೆ ಜಾಗ ನೋಡುವವರು ನಾಲ್ಕೂ ಬದುವಿನ ಆಚೆಯ ಬೆಳೆಯನ್ನು ನೋಡಿಕೊಳ್ಳಲೇಬೇಕು.

ನಾರಾಯಣಗಾಂವ್: ಕೊಂಡದ್ದು, ಬಿಟ್ಟದ್ದು

ಮೂರನೆಯ ಹೊಲ 2 ಎಕರೆ 10 ಗುಂಟೆ. ಮೇಲೆ ಒಂದೂವರೆಯಿಂದ ಎರಡು ಅಡಿ ಮಧ್ಯಮ ಕರಿ ಮಣ್ಣು, ಕೆಳಗೆ ಪುಡಿಯಾಗುವ ಗರಸು. ಪಿಎಚ್ 7.6, ಇಸಿ 0.35, ಸುಣ್ಣ ಶೇ 6. ಪಶ್ಚಿಮದಿಂದ ಪೂರ್ವಕ್ಕೆ ನೂರು ಅಡಿಗೆ ಒಂದೂವರೆ ಅಡಿಯ ಇಳಿಜಾರು, ಅದರಲ್ಲೂ ಆಗ್ನೇಯದ ಮೂಲೆ ಎಲ್ಲಕ್ಕಿಂತ ತಗ್ಗು. ದಕ್ಷಿಣದ ಬದುವಿಗೆ ಹಳ್ಳ. ನಾರಾಯಣಗಾಂವಿನ ಸುತ್ತ ಕರಿ ದ್ರಾಕ್ಷಿಯ ಹಳೆಯ ತೋಟಗಳಿವೆ. ಅವುಗಳಿಂದ ರೋಗ ಬರುವ ಅಪಾಯ ಉಂಟು, ಆದರೆ ಚಾಟ್ನಿ, ಕಸಿ ಬಲ್ಲ ಕೂಲಿ ಟೋಳಿಗಳು (ತಂಡಗಳು) ಕರೆದ ದಿನ ಬರುತ್ತವೆ. ಮೊದಲ ಸಲ ತೋಟ ಮಾಡುವವರಿಗೆ ಎರಡನೆಯದರ ಬೆಲೆ ದೊಡ್ಡದು.

ಖರೀದಿಗೆ ಮುಂಚೆ ಆಗಸ್ಟಿನ ದೊಡ್ಡ ಮಳೆಯ ಮರುದಿನ ಹೊಲವನ್ನು ನಡೆದು ನೋಡಬೇಕೆಂದು ಒತ್ತಾಯಿಸಿದೆವು. ಬೇಸಿಗೆಯಲ್ಲಿ ಎಲ್ಲ ಹೊಲವೂ ಚೆನ್ನಾಗಿ ಕಾಣುತ್ತದೆ. ಆಗ್ನೇಯ ಮೂಲೆ ಬಿಟ್ಟರೆ ಉಳಿದೆಡೆ ಬೂಟಿಗೆ ಕೆಸರು ಅಂಟಲಿಲ್ಲ. ಆ ಮೂಲೆಗೆ ಇನ್ನೊಂದು ದೋಷವೂ ಇತ್ತು. ಡಿಸೆಂಬರ್–ಜನವರಿಯಲ್ಲಿ ಈ ಭಾಗದಲ್ಲಿ ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ತಣ್ಣನೆ ಗಾಳಿ ಭಾರ, ನೀರಿನಂತೆಯೇ ತಗ್ಗಿಗೆ ಹರಿದು ನಿಲ್ಲುತ್ತದೆ. ಅಲ್ಲಿಯ ಕಾಯಿ ಉಬ್ಬುವುದು ನಿಂತು ಹಿಂದೆ ಬೀಳುತ್ತದೆ. ಹಾಗಾಗಿ ಆ ಮೂಲೆಯನ್ನು ಬಳ್ಳಿಗೆ ಕೊಡದೆ ಕೃಷಿ ಹೊಂಡಕ್ಕೆ ಬಿಡಲಾಯಿತು. ನಿರ್ಧಾರ ಸರಿಯೇ. ಮಾಡಿದ ರೀತಿಯಲ್ಲಿ ಒಂದು ಕೊರತೆ ಉಳಿಯಿತು, ಅದು ಮುಂದೆ ಬರುತ್ತದೆ.

ಬಾವಿಯ ನೀರನ್ನು ಅಳೆದದ್ದು ಮೇ ತಿಂಗಳಲ್ಲಿ. “ಎರಡು ಇಂಚು ನೀರು” ಎಂಬ ಮಾತು ಲೆಕ್ಕಕ್ಕೆ ಬಾರದು. ಡ್ರಮ್ಮು, ಗಡಿಯಾರ ಇಟ್ಟುಕೊಂಡು ಅಳೆಯಬೇಕು. 200 ಲೀಟರಿನ ಡ್ರಮ್ಮು 75 ಸೆಕೆಂಡಿನಲ್ಲಿ ತುಂಬಿತು, ಅಂದರೆ ತಾಸಿಗೆ 9,600 ಲೀಟರ್. ಮೂರು ತಾಸಿಗೆ ಬಾವಿ ತಳ ಕಂಡಿತು, ಮತ್ತೆ ತುಂಬಲು ಮರುದಿನವಾಯಿತು. ಹಾಗಾದರೆ ದಿನಕ್ಕೆ 28,800 ಲೀಟರ್.

ಬೇಕಾದದ್ದೆಷ್ಟು? ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಸೂತ್ರದಂತೆ, ಚಿಗುರು ಬೆಳೆಯುವ ಹಂತದಲ್ಲಿ ಪ್ರತಿ ಮಿಮೀ ಬಾಷ್ಪೀಭವನಕ್ಕೆ ಹೆಕ್ಟೇರಿಗೆ 4,200 ಲೀಟರ್. ಗೊನೆಯ ಗರ್ಭ ಕಟ್ಟುವಾಗ ಅದನ್ನು 1,400ಕ್ಕೆ ಇಳಿಸಬೇಕು. ಮೇ ತಿಂಗಳಲ್ಲಿ ದಿನಕ್ಕೆ 10 ಮಿಮೀ ಬಾಷ್ಪೀಭವನ ಹಿಡಿದರೆ ಹೆಕ್ಟೇರಿಗೆ 42,000, ಒಂದೂವರೆ ಎಕರೆಗೆ ಸುಮಾರು 25,500 ಲೀಟರ್. ಒಂದು ಬಳ್ಳಿಗೆ ಹದಿನೇಳೂವರೆ ಲೀಟರ್. ಬಾವಿ ಇದಕ್ಕೆ ಸಾಕು ಎನ್ನಿಸುತ್ತದೆ, ಆದರೆ ಕೈಯಲ್ಲಿ ಉಳಿಯುವುದು ಮೂರು ಸಾವಿರ ಲೀಟರ್ ಮಾತ್ರ. ಕೃಷಿ ಪಂಪಿನ ಮೂರು ಫೇಸ್ ಕರೆಂಟು ಸರದಿಯಲ್ಲಿ ಬರುತ್ತದೆ, ಮೋಟಾರು ಕೆಟ್ಟರೆ ದುರಸ್ತಿಗೆ ಎರಡು ದಿನ ಹೋಗುತ್ತದೆ, ಮಳೆ ಕೈಕೊಟ್ಟ ವರ್ಷ ಬಾವಿ ಅರ್ಧವೂ ಕೊಡುವುದಿಲ್ಲ.

ಆದ್ದರಿಂದ 60 ದಿನದ ನೀರನ್ನು ಕೂಡಿಡುವ ಹೊಂಡ. 25,500ಕ್ಕೆ 60 ಗುಣಿಸಿದರೆ 15.3 ಲಕ್ಷ ಲೀಟರ್. ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ, 3 ಮೀಟರ್ ಆಳ, ಒಂದಕ್ಕೆ ಒಂದು ಇಳಿಜಾರಿನ ಬದಿ ಹಿಡಿದರೆ ಸುಮಾರು 22 ಲಕ್ಷ ಲೀಟರ್ ಹಿಡಿಯುತ್ತದೆ; ಬಿಸಿಲಿಗೆ ಆರಿ ಹೋಗುವುದನ್ನು ಕಳೆದರೂ ಲೆಕ್ಕ ಸರಿದೂಗುತ್ತದೆ. ಒಡ್ಡು ಸೇರಿ 12 ಗುಂಟೆ ಹೋಯಿತು. ಬಳ್ಳಿಗೆ 60 ಗುಂಟೆ. ಉಳಿದ 18 ಗುಂಟೆ ಟ್ರ್ಯಾಕ್ಟರ್ ತಿರುಗುವ ತಲೆಪಟ್ಟಿ, ದಾರಿ, ಶೆಡ್ಡಿಗೆ. ಸಣ್ಣ ತೋಟದಲ್ಲಿ ಈ ಹದಿನೆಂಟನ್ನು ಉಳಿಸಲು ಹೋಗುತ್ತಾರೆ. ಸಾಲಿನ ತುದಿಯಲ್ಲಿ 15 ಅಡಿ ಇಲ್ಲದಿದ್ದರೆ ಔಷಧ ಸಿಂಪಡಿಸುವ ಬ್ಲೋವರ್ ಹೊತ್ತ ಸಣ್ಣ ಟ್ರ್ಯಾಕ್ಟರ್ ತಿರುಗುವುದಿಲ್ಲ, ತುದಿಯ ಕಂಬಕ್ಕೆ ಬಡಿಯುತ್ತದೆ.

ಸಾಲು, ಕಾಲುವೆ, ಕಬ್ಬಿಣ

ಬಳ್ಳಿಯ ತುಂಡು ಉತ್ತರ–ದಕ್ಷಿಣ 330 ಅಡಿ, ಪೂರ್ವ–ಪಶ್ಚಿಮ 198 ಅಡಿ. ಸಾಲು ಉತ್ತರ–ದಕ್ಷಿಣ, ಬೆಳಗಿನ ಬಿಸಿಲು ಒಂದು ಮಗ್ಗುಲಿಗೆ, ಮಧ್ಯಾಹ್ನದ್ದು ಇನ್ನೊಂದಕ್ಕೆ. ಸಾಲಿನಿಂದ ಸಾಲಿಗೆ 9 ಅಡಿ, ಗಿಡದಿಂದ ಗಿಡಕ್ಕೆ 5 ಅಡಿ: 22 ಸಾಲು, ಸಾಲಿಗೆ 66, ಒಟ್ಟು 1,452 ಬಳ್ಳಿ. ಗಾಳಿ ತಡೆಯ ಗಿಡಗಳನ್ನು ಪಶ್ಚಿಮದ ಬದುವಿಗೆ ಮಾತ್ರ ಹಾಕಲಾಯಿತು. ಪೂರ್ವಕ್ಕೆ ಎತ್ತರದ ಮರ ಬೇಡ. ಇಬ್ಬನಿಯನ್ನು ಬೇಗ ಆರಿಸುವುದು ಬೆಳಗಿನ ಬಿಸಿಲು, ಡೌನಿಗೆ ಅದೇ ಮೊದಲ ಔಷಧ.

ನವೆಂಬರಿನಲ್ಲಿ ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಆಳದ ಕಾಲುವೆ ತೆಗೆದರು. ಮೇಲಿನ ಮಣ್ಣನ್ನು ಎಡಕ್ಕೆ, ಕೆಳಗಿನ ಗರಸನ್ನು ಬಲಕ್ಕೆ ಬೇರೆ ಬೇರೆ ಸುರಿಯುವಂತೆ ಜೆಸಿಬಿಯವನಿಗೆ ಮೊದಲೇ ಹೇಳಬೇಕು, ಆಮೇಲೆ ಬೇರ್ಪಡಿಸಲು ಆಗದು. ಕಾಲುವೆಯ ತಳ ದಕ್ಷಿಣದ ಹಳ್ಳದ ಕಡೆಗೆ 330 ಅಡಿಗೆ ಒಂದು ಅಡಿಯಷ್ಟು ಇಳಿಯುವಂತೆ ನೀರು ತುಂಬಿದ ಪಾರದರ್ಶಕ ನಳಿಗೆಯಿಂದ ಮಟ್ಟ ನೋಡಲಾಯಿತು. ತಳ ಸಪಾಟಾದರೆ ಸಡಿಲ ಮಣ್ಣು ತುಂಬಿದ ಕಾಲುವೆಯೇ ತೊಟ್ಟಿಯಾಗಿ ನೀರು ಹಿಡಿದುಕೊಳ್ಳುತ್ತದೆ. ಮೂರು ವಾರ ಬಿಸಿಲಿಗೆ ಬಿಟ್ಟು, ಮೇಲಿನ ಮಣ್ಣಿಗೆ ಎಕರೆಗೆ 12 ಟನ್ ಕಳಿತ ಕೊಟ್ಟಿಗೆ ಗೊಬ್ಬರ, 300 ಕೆಜಿ ಸಿಂಗಲ್ ಸೂಪರ್ ಫಾಸ್ಫೇಟ್ ಬೆರೆಸಿ ಅದನ್ನೇ ಕೆಳಗೆ ತುಂಬಿದರು. ನೆಲಮಟ್ಟಕ್ಕಿಂತ ಆರು ಇಂಚು ಎತ್ತರ ಏರಿಸಿ, ಡ್ರಿಪ್ ಬಿಟ್ಟು ಕೂರಿಸಿದರು. ಈ ಹಂತಕ್ಕೆ ಅವಸರ ಮಾಡಿದ ತೋಟಗಳಲ್ಲಿ ಗಿಡ ಹಚ್ಚಿದ ಮೇಲೆ ಮಣ್ಣು ಕುಸಿದು, ಕಾಂಡದ ಬುಡ ಗುಂಡಿಯಲ್ಲಿ ಉಳಿಯುತ್ತದೆ, ಬುಡ ಕೊಳೆಯುತ್ತದೆ.

ಚಪ್ಪರಕ್ಕೆ ‘ವಾಯ್’ ಆಕಾರ. ಮೇಲೆ ಸಪಾಟಾಗಿ ಹಬ್ಬಿಸುವ ಮಂಡಪಕ್ಕಿಂತ ಗಾಳಿ ಚೆನ್ನಾಗಿ ಆಡುತ್ತದೆ, ಔಷಧ ಗೊನೆಗೆ ತಲುಪುತ್ತದೆ. ನಾಲ್ಕೂವರೆ ಅಡಿ ಕಂಬ, ಮೇಲೆ ಎರಡು ಕಡೆಗೆ ನಾಲ್ಕು ಅಡಿಯ ತೋಳು. ಪ್ರತಿ 15 ಅಡಿಗೆ ಒಂದರಂತೆ ಸಾಲಿಗೆ 23, ಒಟ್ಟು 506 ಕಂಬ. ಓಲಾಂಡೆ (ತಂತಿಯ ಮೇಲೆ ಅಡ್ಡಕ್ಕೆ ಹರಿಯುವ ಬಳ್ಳಿಯ ತೋಳು) ಹೊರುವ ಎರಡು ತಂತಿ 10 ಗೇಜು, ತೋಳಿನ ನಾಲ್ಕು ತಂತಿ 12 ಗೇಜು. ಒಟ್ಟು ಸಾಲಿನ ಉದ್ದ 7,260 ಅಡಿ, ಅಂದರೆ 2,213 ಮೀಟರ್. ಹಾಗಾಗಿ 10 ಗೇಜಿನದು ಸುಮಾರು 290 ಕೆಜಿ, 12 ಗೇಜಿನದು 380 ಕೆಜಿ. ಹೊಸ ತೋಟದ ಖರ್ಚಿನಲ್ಲಿ ಕಬ್ಬಿಣದ ಪಾಲೇ ದೊಡ್ಡದು, ಉಳಿತಾಯದ ಕಣ್ಣು ಮೊದಲು ಬೀಳುವುದೂ ಅದರ ಮೇಲೆ. ನಡುವಿನ ಕಂಬ ಸ್ವಲ್ಪ ಹಗುರವಾದರೂ ನಡೆದೀತು. ಸಾಲಿನ ಎರಡು ತುದಿಯ ಕಂಬ, ಅದನ್ನು ಎಳೆದು ಹಿಡಿಯುವ ಲಂಗರು ಹಗುರ ಮಾಡಬೇಡಿ. ಗೊನೆಯ ಭಾರದ ಜೊತೆ ಗಾಳಿ ಸೇರಿದರೆ ತುದಿ ಬಾಗುತ್ತದೆ, ತುದಿ ಬಾಗಿದರೆ ಇಡೀ ಸಾಲು ಮಲಗುತ್ತದೆ.

ಬೇರುಗಿಡ, ತಳಿ

ಯುರೋಪಿನವರು ಬೇರುಗಿಡಕ್ಕೆ ಹೋದದ್ದು 19ನೇ ಶತಮಾನದಲ್ಲಿ ಫಿಲಾಕ್ಸೆರಾ ಕೀಟದ ಕಾಟಕ್ಕೆ. ನಮ್ಮ ಕಡೆ ಬೇರುಗಿಡ ಬೇಕಾದದ್ದು ಉಪ್ಪಿಗೆ ಮತ್ತು ನೀರಿನ ಬರಕ್ಕೆ. ಹೆಚ್ಚಿನವರು ಕಣ್ಣು ಮುಚ್ಚಿ ಡಾಗ್‌ರಿಜ್ ಹಾಕುತ್ತಾರೆ. ಅದು ಗಟ್ಟಿಮುಟ್ಟು, ನಿಜ. ಆದರೆ ಒಳ್ಳೆಯ ಮಣ್ಣಿನಲ್ಲಿ ಅದರ ಅಬ್ಬರ ಹೆಚ್ಚು. ಎಲೆ ದಟ್ಟವಾಗಿ ಕಣ್ಣಿಗೆ ಬಿಸಿಲು ಬೀಳದೆ ಗೊನೆ ಕಡಿಮೆಯಾಗುತ್ತದೆ. ಇಲ್ಲಿ ಉಪ್ಪಿನ ತೊಂದರೆ ಇಲ್ಲದ್ದರಿಂದ, ಐದು ಅಡಿ ಅಂತರಕ್ಕೆ ಹೊಂದುವ ಹದ ಬೆಳವಣಿಗೆಯ 110ಆರ್ ಆರಿಸಲಾಯಿತು. ಬರ ತಡೆಯುತ್ತದೆ. ಬೇರಿನಲ್ಲಿ ನೀರು ನಿಂತರೆ ಮಾತ್ರ ಸಹಿಸದು.

ತಮ್ಮನಿಗೆ ವೈನ್ ದ್ರಾಕ್ಷಿಯ ಒಲವಿತ್ತು. ವೈನಿನ ತಳಿಗೆ ಪೇಟೆಯಲ್ಲಿ ಗಿರಾಕಿ ಇಲ್ಲ, ವೈನರಿಯೊಂದಿಗೆ ಕರಾರು ಕೈಯಲ್ಲಿಲ್ಲದೆ ಗಿಡ ಹಚ್ಚಿದರೆ ಒಂದೂವರೆ ಎಕರೆಯ ಹಣ್ಣನ್ನು ಕೇಳುವವರೇ ಇರುವುದಿಲ್ಲ. ಕರಾರು ಸಿಗಲಿಲ್ಲ. ಹಾಗಾಗಿ ತಿನ್ನುವ ಕರಿ ದ್ರಾಕ್ಷಿ, ಶರದ್ ಸೀಡ್‌ಲೆಸ್. ಆ ಭಾಗದ ಚಳಿ ಅದರ ಬಣ್ಣಕ್ಕೆ ಅನುಕೂಲ, ಪುಣೆಯ ಗುಲ್‌ಟೇಕಡಿ ಮಾರ್ಕೆಟ್ ಯಾರ್ಡಿಗೆ ಬೆಳಗಿನ ಜಾವ ತಲುಪಿಸಬಹುದು.

ಫೆಬ್ರುವರಿಯ ಮೊದಲ ವಾರ ಬೇರುಗಿಡ ಹಚ್ಚಿದರು. ಬೇಕಾದದ್ದು 1,452, ಕೊಂಡದ್ದು 1,600. ಸತ್ತವುಗಳ ಜಾಗಕ್ಕೆ ಅದೇ ವಯಸ್ಸಿನ ಗಿಡ ಕೈಯಲ್ಲಿರಬೇಕು. ಪ್ರತಿ ಗಿಡಕ್ಕೂ ಬಿದಿರು, ಬುಡದಿಂದ ಎರಡು ಮೂರು ಚಿಗುರು ಮಾತ್ರ.

ಕಸಿ ಹಿಡಿಯದ 184 ಗಿಡ

ಆಗಸ್ಟ್ ಕೊನೆಗೆ ಚಿಗುರುಗಳು ಪೆನ್ಸಿಲ್ ದಪ್ಪ, ಸುಮಾರು 8 ಮಿಮೀ ಆಗಿದ್ದವು. ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ, ನಡುವೆ ಒಂದೂವರೆ ಇಂಚು ಸೀಳಿ, ಅಷ್ಟೇ ದಪ್ಪದ ಎರಡು ಕಣ್ಣಿನ ಕಾಡಿಯನ್ನು ಬೆಣೆಯಂತೆ ಹೆರೆದು ಕೂರಿಸಿದರು. ಕಾಡಿಯನ್ನು ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ ಬೆರೆಸಿದ ನೀರಿನಲ್ಲಿ ಮುಳುಗಿಸಿ ತೆಗೆದಿದ್ದರು. ಸಿಪ್ಪೆಗೆ ಸಿಪ್ಪೆ ಒಂದು ಮಗ್ಗುಲಿಗಾದರೂ ಕೂಡಬೇಕು. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಆಗ ಮಳೆನೀರು ಒಳಗಿಳಿಯುವುದಿಲ್ಲ.

ಕಸಿ ಕಟ್ಟಿದ ಎರಡನೆಯ ವಾರ ಒಂದೇ ರಾತ್ರಿ 90 ಮಿಮೀ ಮಳೆ ಬಿತ್ತು. ತಿಂಗಳ ಕೊನೆಗೆ ಎಣಿಸಿದಾಗ 1,268 ಗಿಡ ಹಿಡಿದಿದ್ದವು, 184 ಹಿಡಿದಿರಲಿಲ್ಲ. ಟೋಳಿಯ ಕೈಗುಣ ಸರಿಯಿಲ್ಲ ಎಂದು ಮನೆಯವರ ಮಾತು. ಒಟ್ಟು ಲೆಕ್ಕದಿಂದ ಕಾರಣ ಸಿಗುವುದಿಲ್ಲ, ಸಾಲುವಾರು ಎಣಿಸಿ ಎಂದೆವು. ಎಣಿಸಿದಾಗ ಪೂರ್ವದ ಕೊನೆಯ ನಾಲ್ಕು ಸಾಲುಗಳ 264 ಗಿಡಗಳಲ್ಲಿ 121 ಹೋಗಿದ್ದವು, ಅದರಲ್ಲೂ 108 ಆ ಸಾಲುಗಳ ದಕ್ಷಿಣದ ಅರ್ಧದಲ್ಲಿ. ಉಳಿದ 18 ಸಾಲುಗಳ 1,188 ಗಿಡಗಳಲ್ಲಿ ಹೋದದ್ದು 63, ನೂರಕ್ಕೆ ಐದರಷ್ಟು. ಅದೇ ಟೋಳಿ, ಅದೇ ಕಾಡಿ, ಅದೇ ವಾರ. ಬೇರೆಯಾಗಿದ್ದದ್ದು ನೆಲ ಒಂದೇ.

ಆಗ್ನೇಯ ಮೂಲೆಗೆ ಹೊಂಡ ಬಂದಿತ್ತಲ್ಲ, ಅದರ ಒಡ್ಡು ಹೊಲದ ನೀರು ಹಿಂದಿನಿಂದ ಹರಿದುಹೋಗುತ್ತಿದ್ದ ದಾರಿಗೇ ಅಡ್ಡ ನಿಂತಿತ್ತು. ಮೊದಲು ಆ ಮೂಲೆಯಿಂದ ಹಳ್ಳಕ್ಕೆ ಇಳಿಯುತ್ತಿದ್ದ ನೀರು ಈಗ ಒಡ್ಡಿಗೆ ತಾಗಿ ಹಿಂದಕ್ಕೆ ಏರಿ, ಆ ನಾಲ್ಕು ಸಾಲುಗಳ ಸಡಿಲ ಕಾಲುವೆಯಲ್ಲಿ ನಿಂತಿತು. ಬೇರಿಗೆ ಗಾಳಿ ತಪ್ಪಿ ರಸದ ಓಟ ನಿಂತಾಗ ಮೇಲಿನ ಕಾಡಿ ಕಣ್ಣು ಬಿಡುವ ಮೊದಲೇ ಕಪ್ಪಾಯಿತು. ಮಣ್ಣು ಬಸಿಯುವುದೇ ಎಂದು ಪರೀಕ್ಷೆ ಮಾಡಿದ್ದ ಹೊಲದಲ್ಲಿ ಮನುಷ್ಯರು ಕಟ್ಟಿದ ಒಡ್ಡು ಬಸಿಯದ ಮೂಲೆಯೊಂದನ್ನು ಹುಟ್ಟಿಸಿತ್ತು.

ದುರಸ್ತಿಗೆ 22ನೇ ಸಾಲಿಗೂ ಒಡ್ಡಿಗೂ ನಡುವೆ ಮೂರು ಅಡಿ ಆಳ, ಒಂದೂವರೆ ಅಡಿ ಅಗಲದ ಬಸಿಗಾಲುವೆ ತೆಗೆದು, ತೂತು ಕೊರೆದ ನಾಲ್ಕು ಇಂಚಿನ ಪಿವಿಸಿ ಪೈಪು ಹಾಸಿ, ಮೇಲೆ ದಪ್ಪ ಖಡಿ (ಜಲ್ಲಿ) ತುಂಬಿ, ಬಾಯಿಯನ್ನು ದಕ್ಷಿಣದ ಹಳ್ಳಕ್ಕೆ ಬಿಟ್ಟರು. ಪೈಪಿನ ಬಾಯಿ ಹಳ್ಳದ ಮಳೆಗಾಲದ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವಾದರೆ ಹಳ್ಳದ ನೀರೇ ತೋಟಕ್ಕೆ ನುಗ್ಗುತ್ತದೆ. ಈ ಬಸಿಗಾಲುವೆಯನ್ನು ಹೊಂಡಕ್ಕೂ ಮೊದಲು ಮಾಡಿದ್ದರೆ ಖರ್ಚು ಅಷ್ಟೇ ಇರುತ್ತಿತ್ತು, 121 ಗಿಡಗಳ ಒಂದು ವರ್ಷ ಉಳಿಯುತ್ತಿತ್ತು.

ಒಣ ನೆಲದ 63 ಗಿಡಗಳಲ್ಲಿ ಎರಡನೆಯ ಚಿಗುರು ಇತ್ತು. ಅವಕ್ಕೆ ಅಕ್ಟೋಬರ್ ಮೊದಲ ವಾರದೊಳಗೆ ಮತ್ತೆ ಕಸಿ ಕಟ್ಟಿದರು. ಅದಕ್ಕಿಂತ ತಡವಾದರೆ ಚಿಗುರು ಚಳಿಗೆ ಸಿಕ್ಕಿ ಕುಂಟುತ್ತದೆ. ಪೂರ್ವದ 121 ಗಿಡಗಳಿಗೆ ಬೇರು ಚೇತರಿಸಿಕೊಳ್ಳಲು ಬಿಟ್ಟು, ಮುಂದಿನ ಆಗಸ್ಟಿನವರೆಗೆ ಕಾಯಿರಿ ಎಂಬುದೇ ನಮ್ಮ ಸಲಹೆಯಾಗಿತ್ತು. ತೋಟ ಒಂದೇ ಸಮ ಕಾಣಲಿ ಎಂದು ಸೊರಗಿದ ಬೇರಿನ ಮೇಲೆ ಮತ್ತೆ ಕತ್ತಿ ಇಟ್ಟರೆ ಗಿಡವೇ ಹೋಗುತ್ತದೆ.

ರೀಕಟ್‌ನಿಂದ ಮೊದಲ ಬೆಳೆಯವರೆಗೆ

ಜನವರಿ ಕೊನೆಗೆ ಚಳಿ ಇಳಿಯುತ್ತಿದ್ದಂತೆ ರೀಕಟ್. ಕಸಿಯ ಮೇಲೆ ಮೂರು ನಾಲ್ಕು ಕಣ್ಣು ಬಿಟ್ಟು ಕತ್ತರಿಸಿ, ಬಂದ ಚಿಗುರಿನಲ್ಲಿ ಬಲವಾದ ಒಂದನ್ನು ಬಿದಿರಿಗೆ ಕಟ್ಟುತ್ತ ಹೋಗಬೇಕು. ಈ ಹೊತ್ತಿಗೆ ಉಡದ್ಯಾ ಹುಳು ಬರುತ್ತದೆ. ಉಬ್ಬಿದ ಕಣ್ಣನ್ನೇ ಕೊರೆದು ತಿನ್ನುತ್ತದೆ. ಸಂಜೆ ಹೊತ್ತು ಬಿದಿರಿನ ಬುಡ, ಸಡಿಲ ತೊಗಟೆಯ ಸಂದು ನೋಡಿದರೆ ಸಿಗುತ್ತದೆ. ಕಸಿಯ ಕೆಳಗೆ ಬೇರುಗಿಡದ ಚಿಗುರು ಬಂದರೆ ಅದು ಎಳೆಯದಾಗಿರುವಾಗಲೇ ಕೈಯಿಂದ ಮುರಿಯಬೇಕು.

ಚಿಗುರು ತಂತಿ ದಾಟಿದ ಮೇಲೆ ತಂತಿಗಿಂತ ಆರು ಇಂಚು ಕೆಳಗೆ ತುದಿ ಕತ್ತರಿಸಿ, ಎರಡು ಮಗ್ಗುಲಿನ ಚಿಗುರುಗಳನ್ನು ತಂತಿಯ ಮೇಲೆ ಓಲಾಂಡೆಯಾಗಿ ಹರಿಸಿದರು. ಓಲಾಂಡೆಯನ್ನು ಒಂದೇ ಓಟಕ್ಕೆ ಎಳೆಯುವುದು ಹೊಸಬರಿಗೆ ದೊಡ್ಡ ಆಕರ್ಷಣೆ, ತಿಂಗಳಲ್ಲಿ ತಂತಿ ತುಂಬುತ್ತದೆ. ಹಾಗೆ ಮಾಡಿದ ಓಲಾಂಡೆಯಲ್ಲಿ ತುದಿಗೆ ಮಾತ್ರ ಕಾಡಿ ಬಂದು ನಡುವೆ ಬೋಳು ಉಳಿಯುತ್ತದೆ, ಆ ಬೋಳು ತೋಟದ ಆಯುಷ್ಯಪೂರ್ತಿ ತುಂಬುವುದಿಲ್ಲ. ಒಂಬತ್ತು ಹತ್ತು ಎಲೆಯಾದಾಗ ಏಳನೇ ಎಲೆಗೆ ಚಿವುಟಿ, ಬಗಲಿನ ಚಿಗುರು ಬಂದ ಮೇಲೆ ಮತ್ತೆ ಮುಂದೆ ಬಿಡಬೇಕು. ಹೀಗೆ ನಿಂತು ನಿಂತು ಹೋದರೆ ಮೂರು ನಾಲ್ಕು ಇಂಚಿಗೊಂದು ಕಾಡಿ ಸಿಗುತ್ತದೆ. 45 ಚದರ ಅಡಿಯ ಬಳ್ಳಿಗೆ 30 ಕಾಡಿ ಸಾಕು, ಹೆಚ್ಚಾದವನ್ನು ತೆಗೆಯಬೇಕು.

ಅಕ್ಟೋಬರಿನ ಎರಡನೇ ವಾರ ಮೊದಲ ಹಣ್ಣಿನ ಚಾಟ್ನಿ. ಅದಕ್ಕೆ ಮುಂಚೆ ಕಾಡಿಗಳನ್ನು ಪ್ರಯೋಗಾಲಯಕ್ಕೆ ಕೊಟ್ಟು, ಯಾವ ಕಣ್ಣಿನಲ್ಲಿ ಗೊನೆ ಇದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಅದರ ಮೇಲೆ ಒಂದು ಕಣ್ಣು ಬಿಟ್ಟು ಕತ್ತರಿಸಿದರು. ಕಣ್ಣು ಸಮನಾಗಿ ಒಡೆಯಲು ಹೈಡ್ರೋಜನ್ ಸಯನಮೈಡ್ ಲೀಟರಿಗೆ 30–40 ಮಿಲಿ ಬೆರೆಸಿ ಸವರುತ್ತಾರೆ. ಇದು ಅಪಾಯದ ಔಷಧ. ರಬ್ಬರ್ ಕೈಗವಸು, ಕನ್ನಡಕ ಇಲ್ಲದೆ ಯಾರಿಗೂ ಹಚ್ಚಲು ಕೊಡಬೇಡಿ. ಹಚ್ಚುವ ಮುಂಚೆಯೂ ಹಚ್ಚಿದ ಮೇಲೂ ಡಬ್ಬಿಯ ಚೀಟಿ ಹೇಳಿದಷ್ಟು ದಿನ ಮದ್ಯ ಮುಟ್ಟಬಾರದು. ಮೈಯಲ್ಲಿ ಎರಡೂ ಸೇರಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಉಸಿರು ಕಟ್ಟುತ್ತದೆ. ಕೂಲಿಯವರಿಗೆ ಇದನ್ನು ಸಂಕೋಚವಿಲ್ಲದೆ ಬಿಡಿಸಿ ಹೇಳಬೇಕು.

ಮೊದಲ ಬೆಳೆಗೆ ಮಿತಿ ಹಾಕಲಾಯಿತು: ಹಿಡಿದ 1,268 ಬಳ್ಳಿಗಳಿಗೆ ತಲಾ 12 ಗೊನೆ, ಗೊನೆ ಸರಾಸರಿ 300 ಗ್ರಾಂ, ಒಟ್ಟು ನಾಲ್ಕೂವರೆ ಟನ್ನಿನ ಆಸುಪಾಸು. ಕಾಂಡ ಹೆಬ್ಬೆರಳಿಗಿಂತ ತೆಳುವಾಗಿದ್ದ ಬಳ್ಳಿಗಳಿಗೆ, ತಡವಾಗಿ ಕಸಿಯಾದ 63ಕ್ಕೆ ಗೊನೆಯೇ ಬೇಡ. ತಮ್ಮನಿಗೆ ಗೊನೆ ಕತ್ತರಿಸಿ ನೆಲಕ್ಕೆ ಹಾಕುವುದು ಸಂಕಟದ ಕೆಲಸ. ಆದರೆ ಮೊದಲ ವರ್ಷ ಬಳ್ಳಿ ಹೊರಲಾರದಷ್ಟು ಹೊತ್ತರೆ ಬೇರಿನಲ್ಲಿ ಕೂಡಿಟ್ಟ ಆಹಾರ ಖರ್ಚಾಗಿ, ಏಪ್ರಿಲ್ ಚಾಟ್ನಿಯ ನಂತರ ಕಣ್ಣು ಅರೆಬರೆ ಒಡೆಯುತ್ತವೆ, ಅಲ್ಲಿಂದ ತೋಟದ ಸಮತೋಲ ತಪ್ಪುತ್ತದೆ.

ಬಸಿಗಾಲುವೆಯಾದ ಮೇಲಿನ ಮಳೆಗಾಲದಲ್ಲಿ ಪೂರ್ವದ ನಾಲ್ಕು ಸಾಲುಗಳಲ್ಲಿ ನೀರು ನಿಲ್ಲಲಿಲ್ಲ. ಕಾದಿಟ್ಟ 121 ಗಿಡಗಳಿಗೆ ಆಗಸ್ಟಿನಲ್ಲಿ ಕಸಿ ಕಟ್ಟಲಾಯಿತು. ಅವು ಇಡೀ ತೋಟದಿಂದ ಒಂದು ವರ್ಷ ಹಿಂದೆ ಇರುವುದರಿಂದ ಆ ನಾಲ್ಕು ಸಾಲುಗಳ ಡ್ರಿಪ್ಪಿಗೆ ಬೇರೆ ವಾಲ್ವ್ ಹಾಕಿಸಿದ್ದೇವೆ. ಗೊನೆಯ ಗರ್ಭ ಕಟ್ಟುವ ಹಂತದಲ್ಲಿ ದೊಡ್ಡ ಬಳ್ಳಿಗೆ ನೀರು, ಸಾರಜನಕ ಎರಡನ್ನೂ ಕಡಿಮೆ ಮಾಡಬೇಕು, ಅದೇ ಹೊತ್ತಿಗೆ ಎಳೆಯದಕ್ಕೆ ಎರಡೂ ಬೇಕು. ಏಪ್ರಿಲ್ ಚಾಟ್ನಿಯಾದ 45ನೇ ದಿನ ಐದನೇ ಎಲೆಯ ತೊಟ್ಟನ್ನು ಈ ಎರಡು ಗುಂಪಿನಿಂದ ಬೇರೆ ಬೇರೆ ಚೀಲದಲ್ಲಿ ತೆಗೆದು ಪರೀಕ್ಷೆಗೆ ಕಳಿಸಬೇಕು. ಎರಡನ್ನೂ ಬೆರೆಸಿ ಕೊಟ್ಟರೆ ಬರುವ ವರದಿ ಯಾವ ಬಳ್ಳಿಗೂ ಸೇರಿದ್ದಾಗಿರುವುದಿಲ್ಲ.